ವೋಂಟ್, ವಾಂಟ್: ಹೋಂಸ್ಟೇ ನಡೆಸುವವರಿಗೆ ಒಂದು ಸಲಹೆ

ಚಿಕ್ಕಮಗಳೂರು ಸುತ್ತಮುತ್ತ ಹೋಂಸ್ಟೇ ನಡೆಸುವವರು ಇದನ್ನು ಒಮ್ಮೆ ಓದಿ. ಕಳೆದ ವಾರ ನಮ್ಮಲ್ಲಿಗೆ ಬಂದಿದ್ದ ವಿದೇಶಿ ದಂಪತಿ 'ವಿ ವೋಂಟ್ ಹ್ಯಾವ್ ಡಿನ್ನರ್' ಅಂದರು. ನನಗೆ ಕೇಳಿಸಿದ್ದು 'ವಾಂಟ್', ಅಂದರೆ ಬೇಕು ಅಂತ. ಬಿಸಿ ಕಡುಬು, ಕೋಳಿ ಸಾರು ಮಾಡಿಸಿಟ್ಟೆ. ಅವರು ಹೇಳಿದ್ದು ಊಟ ಬೇಡ ಅಂತ. ಅಷ್ಟೂ ಅಡುಗೆ ಉಳಿದು ತುಂಬಾ ಬೇಜಾರಾಯಿತು.

'ವಿಲ್ ನಾಟ್' ಕೂಡಿದರೆ 'ವೋಂಟ್'. 'ಓ' ಎಳೆದು ಬರುತ್ತದೆ. 'ವಾಂಟ್' ಆದರೆ ಕ್ರಿಯಾಪದಕ್ಕೆ ಮೊದಲು 'ಟು' ಇರುತ್ತದೆ: 'ವಿ ವಾಂಟ್ ಟು ಹ್ಯಾವ್'. ಆ 'ಟು' ಕೇಳಿಸದಿದ್ದರೆ 'ನೋ ಡಿನ್ನರ್?' ಅಂತ ಇನ್ನೊಮ್ಮೆ ಕೇಳಿಬಿಡಿ.

ಮಾತಿನಲ್ಲಿ ಇಂಗ್ಲಿಷ್ ಮನೆಮಾತಿನವರು 'ಐ ವಿಲ್' ಅಂತ ಬಿಡಿಸಿ ಹೇಳುವುದು ಕಡಿಮೆ. ಐಲ್, ವೀಲ್, ದೇಲ್ ಅನ್ನುತ್ತಾರೆ. ನಾವು 'ಹೋಗ್ಬರ್ತೀನಿ' ಅನ್ನಲ್ವಾ, ಹಾಗೇ. ಬ್ಯಾಗ್ ಕಂಡ ಕೂಡಲೇ ನೀವೂ 'ಐಲ್ ಕ್ಯಾರಿ ಇಟ್' ಅನ್ನಿ. ಆ ಕ್ಷಣಕ್ಕೆ ಹೊಳೆದ ಕೆಲಸಕ್ಕೆ ಇದೇ ಸಹಜ. 'ವಿಲ್' ಅನ್ನು ಒತ್ತಿ ಹೇಳಿದರೆ ಹಠ ಹಿಡಿದ ಹಾಗೆ ಕೇಳಿಸಬಹುದು.

ಒಂದು ಕಡೆ ಮಾತ್ರ ಕೂಡಿಸಬೇಡಿ. 'ಯೆಸ್, ಐ ವಿಲ್' ಸರಿ, 'ಯೆಸ್, ಐಲ್' ಅಂತ ನಿಲ್ಲಿಸಿದರೆ ತಪ್ಪು. 'ನೋ, ಐ ವೋಂಟ್' ನಡೆಯುತ್ತದೆ.