ಟಿಯುಆರ್‌ಪಿ ಕಲಿಸುವಾಗ ಕೊಯ್ತಕ್ಕೆ ಕೊನೆಯ ಸ್ಥಾನ: ತಾಂಜಾನಿಯಾದ ಅನುಭವ

ಎರಡು ವಾರಕ್ಕೆಂದು ಹೋಗಿ ಟಿಯುಆರ್‌ಪಿ (ಮೂತ್ರನಾಳದ ಮೂಲಕ ಉಪಕರಣ ತೂರಿಸಿ ಪ್ರಾಸ್ಟೇಟ್ ಗ್ರಂಥಿಯನ್ನು ಒಳಗಿನಿಂದಲೇ ಕೊಯ್ದು ತೆಗೆಯುವ ಶಸ್ತ್ರಕ್ರಿಯೆ) ಕಲಿಸುವ ಸರ್ಜನ್‌ಗೆ ಅರ್ಧ ಕೆಲಸ ರೋಗಿಗಳ ಪಟ್ಟಿಯಲ್ಲೇ ಇರುತ್ತದೆ. ಹೊರಗಿನಿಂದ ಯಾರೋ ಬರುತ್ತಾರೆಂದರೆ ದೊಡ್ಡ ಗ್ರಂಥಿಗಳನ್ನೆಲ್ಲ ಕೂಡಿಟ್ಟಿರುತ್ತಾರೆ. ಕಲಿಯುವ ಕೈಗೆ ಅವು ಬೇಡ. ಅಲ್ಟ್ರಾಸೌಂಡ್‌ನಲ್ಲಿ 30ರಿಂದ 50 ಗ್ರಾಂ ಇದ್ದವನ್ನಷ್ಟೇ ಆರಿಸಿಕೊಂಡೆ. 80 ಗ್ರಾಂ ಮೀರಿದ್ದನ್ನು ಅಲ್ಲಿನವರು ಹೊಟ್ಟೆಯ ಕೆಳಭಾಗ ಕೊಯ್ದು ಬೆರಳಿನಿಂದ ಬಿಡಿಸಿ ತೆಗೆಯುತ್ತಾರೆ, ಚೆನ್ನಾಗಿಯೇ ತೆಗೆಯುತ್ತಾರೆ. ಆ ರೂಢಿ ತಪ್ಪಿಸುವ ಹಟ ನನಗಿರಲಿಲ್ಲ.

ತಿಂಗಳುಗಟ್ಟಲೆ ಕ್ಯಾತಿಟರ್ ಹಾಕಿಕೊಂಡೇ ಬರುವವರು ಹೆಚ್ಚು. ಮೂತ್ರದ ಕಲ್ಚರ್ ನೋಡಿ ತಕ್ಕ ಆಂಟಿಬಯಾಟಿಕ್ ಶುರುಮಾಡದೆ ಟೇಬಲ್‌ಗೆ ಹತ್ತಿಸಿದರೆ ಅದೇ ರಾತ್ರಿ ಚಳಿಜ್ವರ ಬಂದು ಬಿಪಿ ಕುಸಿಯಬಹುದು.

ಕೊಯ್ಯುವಾಗ ಜಾಗ ಕಾಣಲು ದ್ರವ ಹರಿಸುತ್ತಲೇ ಇರಬೇಕು. ಕರೆಂಟ್ ರೋಗಿಯ ದೇಹದ ಮೂಲಕ ಹಾಯುವ ಮಾನೋಪೋಲಾರ್ ಯಂತ್ರಕ್ಕೆ ಬೇಕಾದ 1.5% ಗ್ಲೈಸಿನ್ ದ್ರವ ಎಲ್ಲ ಕಡೆ ಸಿಗುವುದಿಲ್ಲ. ಬದಲಿಗೆ ಬರೀ ನೀರು ಹರಿಸಿದರೆ ಅದು ತೆರೆದ ಸಿರೆಗಳಿಂದ ಒಳಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಕರೆಂಟ್ ಉಪಕರಣದ ತುದಿಯಲ್ಲೇ ಸುತ್ತುವ ಬೈಪೋಲಾರ್ ಯಂತ್ರ ಒಯ್ದದ್ದು ಇದಕ್ಕೇ, ಅದಕ್ಕೆ 0.9% ಸಲೈನ್ ಸಾಕು. ಗ್ಲೈಸಿನ್ ಒಳಸೇರಿ ರಕ್ತದ ಸೋಡಿಯಂ ಕುಸಿಯುವ ಭಯ ತಪ್ಪಿತು, ದ್ರವ ಒಳಸೇರುವುದು ತಪ್ಪಲಿಲ್ಲ. ಹೃದಯ ಸೋತವರ ಶ್ವಾಸಕೋಶದಲ್ಲಿ ಅದು ತುಂಬಿಕೊಳ್ಳಬಹುದು. ಹಾಗಾಗಿ ಬಾಟಲಿ ರೋಗಿಗಿಂತ 60 ಸೆಂ.ಮೀ. ಮೇಲೆ, ಕಂಬಕ್ಕೆ ಟೇಪ್ ಸುತ್ತಿ ಗುರುತು. ಕೊಯ್ತ 60 ನಿಮಿಷದೊಳಗೆ. 3 ಲೀಟರ್ ಚೀಲ ಇಲ್ಲದ ಕಡೆ ಅರ್ಧ ಲೀಟರ್ ಬಾಟಲಿ ನೋಡನೋಡುತ್ತಲೇ ಖಾಲಿ. ವೈ-ಟ್ಯೂಬ್‌ಗೆ ಎರಡು ಜೋಡಿಸಿ, ಬದಲಿಸುವುದಕ್ಕೇ ಒಬ್ಬರನ್ನು ನಿಲ್ಲಿಸಬೇಕು. ಇಲ್ಲದಿದ್ದರೆ ಗಾಳಿಗುಳ್ಳೆ ನುಗ್ಗಿ ಏನೂ ಕಾಣುವುದಿಲ್ಲ.

ಅರಿವಳಿಕೆ ಸ್ಪೈನಲ್, ಅಂದರೆ ಬೆನ್ನಿಗೆ ಚುಚ್ಚಿ ಕೆಳಭಾಗವನ್ನಷ್ಟೇ ಮರಗಟ್ಟಿಸುವುದು. ರೋಗಿ ಎಚ್ಚರವಾಗಿರುತ್ತಾರೆ, ಅದೇ ನಮ್ಮ ಮಾನಿಟರ್. ನರ್ಸ್ ಆಗಾಗ ‘ಮ್ಜೇ, ಜಿನಾ ಲಾಕೊ ನಾನಿ?’ (ಯಜಮಾನರೇ, ನಿಮ್ಮ ಹೆಸರೇನು?) ಎಂದು ಕೇಳಬೇಕು. ಉತ್ತರ ತಡವರಿಸಿದರೆ, ಚಡಪಡಿಕೆ ಕಂಡರೆ, ಉಸಿರು ಏರಿದರೆ ಕೊಯ್ತ ನಿಲ್ಲಬೇಕು.

ಮೊದಲ ದಿನ ರೋಗಿ ಇಲ್ಲ, ಆಲೂಗೆಡ್ಡೆ. ನಡುವೆ ತೂತು ಕೊರೆದು ಸಲೈನ್ ತುಂಬಿದ ಟಬ್ಬಿನಲ್ಲಿ ಮುಳುಗಿಸಿ ಲೂಪ್ (ಕೊಯ್ಯುವ ತಂತಿಯ ಕುಣಿಕೆ) ಎಳೆಸಿದೆ. ಇಲ್ಲಿ ಕಲಿಯಬೇಕಾದದ್ದು ಒಂದೇ: ಲೂಪನ್ನು ಮುಂದೆ ಚಾಚುವಾಗ ಕಾಲು ಪೆಡಲ್ ಮೇಲೆ ಇರಕೂಡದು, ಅದು ನಮ್ಮತ್ತ ಬರುವಾಗಲೇ ಕೊಯ್ಯುವ ಹಳದಿ ಪೆಡಲ್ ಒತ್ತಬೇಕು. ಚಾಚುತ್ತ ಒತ್ತಿದರೆ ಮೂತ್ರಕೋಶದ ಗೋಡೆಗೇ ತೂತು.

ಟೇಬಲ್ ಮೇಲೆ ಕ್ರಮವನ್ನು ತಿರುವುಮುರುವು ಮಾಡಿದೆ. ಕಲಿಯುವವರಿಗೆ ಮೊದಲು ಸಿಗುವುದು ನಾನು ಕೊಯ್ದು ಬಿಟ್ಟ ಜಾಗದ ರಕ್ತ ನಿಲ್ಲಿಸುವ ಕೆಲಸ: ನೀಲಿ ಪೆಡಲ್ ಮಾತ್ರ. ಮೂತ್ರಕೋಶದ ಕಂಠದಲ್ಲಿ ಗಡಿಯಾರದ 5 ಮತ್ತು 7 ಗಂಟೆಯ ಜಾಗದ ಧಮನಿಗಳಿಂದ ಶುರು. ನೀರಿನ ಒತ್ತಡ ಜೋರಾಗಿದ್ದಾಗ ಸಿರೆಗಳ ರಕ್ತ ಅಡಗಿರುತ್ತದೆ. ಹರಿವು ತಗ್ಗಿಸಿ ಮತ್ತೊಮ್ಮೆ ನೋಡದೆ ಮುಗಿಯಿತು ಎನ್ನುವಂತಿಲ್ಲ. ಇದು ಕೈಗೆ ಹತ್ತಿದ ಮೇಲೆ ಕೊಯ್ಯಲು ಗ್ರಂಥಿಯ ನಡುಹಾಲೆ, ಆಮೇಲೆ ಒಂದು ಪಕ್ಕದ ಹಾಲೆ. ಬಿಳಿ ನಾರುಗಳು ಕಂಡರೆ ಗ್ರಂಥಿಯ ಕವಚ ಬಂತು, ಅಲ್ಲಿಗೆ ನಿಲ್ಲಿಸಬೇಕು. ಹಳದಿ ಕೊಬ್ಬು ಕಂಡರೆ ಆಗಲೇ ಕವಚ ದಾಟಿಯಾಗಿದೆ.

ಗ್ರಂಥಿಯ ತುದಿಭಾಗವನ್ನು ನಾನು ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ. ವೆರು ಎಂಬ ಸಣ್ಣ ಗುಬುಟಿನ ಆಚೆಗೇ ಮೂತ್ರ ಹಿಡಿದಿಡುವ ಸ್ನಾಯು, ಸ್ಫಿಂಕ್ಟರ್. ಅಲ್ಲಿ ಒಂದು ಎಳೆತ ಹೆಚ್ಚಾದರೆ ಆ ಮನುಷ್ಯನಿಗೆ ಬದುಕಿಡೀ ಮೂತ್ರ ಸೋರುವ ಪಾಡು ಬರಬಹುದು. ಪ್ರತಿ ಎಳೆತಕ್ಕೂ ಮುಂಚೆ ವೆರು ಎಲ್ಲಿದೆ ಎಂದು ಕೇಳುತ್ತೇನೆ. ಉತ್ತರ ತಡವಾದರೆ ಬಾಯಿಂದ ಬರುವುದು ‘ಸಿಮಾಮ’, ನಿಲ್ಲಿಸು.

ಕೊಯ್ದ ಚೂರುಗಳನ್ನು ಹಿಂಡಿ ಹೀರುವ ಎಲಿಕ್ ಬಲ್ಬಿನಿಂದ ಪೂರ್ತಿ ತೆಗೆದು, 22 ಫ್ರೆಂಚ್ ಗಾತ್ರದ ಮೂರು ದಾರಿಯ (ಸಲೈನ್ ಒಳಹೋಗಲು, ಹೊರಬರಲು, ಬಲೂನ್ ಉಬ್ಬಿಸಲು) ಕ್ಯಾತಿಟರ್ ಹಾಕಿ, ಬಲೂನಿಗೆ 40 ಮಿ.ಲೀ. ನೀರು. ಒಂದು ಚೂರು ಉಳಿದರೂ ರಾತ್ರಿ ಎರಡು ಗಂಟೆಗೆ ಅದೇ ಬಂದು ಕ್ಯಾತಿಟರಿಗೆ ಅಡ್ಡ ಕೂರಬಹುದು. ಆ ಹೊತ್ತಿಗೆ ವಾರ್ಡಿನಲ್ಲಿರುವುದು ನರ್ಸ್ ಒಬ್ಬರೇ. ಆದ್ದರಿಂದ ಸರ್ಜನ್‌ಗಳಿಗೆ ಕೊಟ್ಟಷ್ಟೇ ಹೊತ್ತು ಅವರಿಗೂ ಕೊಟ್ಟೆ: ಹೊರಬರುವುದು ನಿಂತರೆ ಮೊದಲು ಒಳಹೋಗುವುದನ್ನು ಮುಚ್ಚಿ, ಆಮೇಲೆ 50 ಮಿ.ಲೀ. ಸಿರಿಂಜಿನಿಂದ ತಳ್ಳಿ ಎಳೆಯಿರಿ, ಹೆಪ್ಪುಗಟ್ಟಿದ ರಕ್ತ ಇಲ್ಲವೇ ಚೂರು ಹೊರಬಂದ ಮೇಲಷ್ಟೇ ಸಲೈನ್ ಮತ್ತೆ ತೆರೆಯಿರಿ. ಇಷ್ಟನ್ನು ಸ್ವಾಹಿಲಿಯಲ್ಲಿ ಬರೆಸಿ ಪ್ರತಿ ಮಂಚಕ್ಕೂ ಕಟ್ಟಿಸಿದೆವು.