ಮದ್ದಿನ ಮನೆ ಮ್ಯೂಸಿಯಂ ಆಗುವ ಮೊದಲು ಗೋಡೆ ಒಣಗಬೇಕು

ಸಿಡಿಮದ್ದು ತುಂಬಿಡುತ್ತಿದ್ದ ಹಳೆಯ ಮದ್ದಿನ ಮನೆಯನ್ನು ಮ್ಯೂಸಿಯಂ ಮಾಡಲು ಹೊರಟರೆ ಗಾಜಿನ ಕಪಾಟು, ದೀಪ, ಫಲಕಗಳ ಮಾತೇ ಮೊದಲು ಬರುತ್ತದೆ. ನಾವು ಶುರು ಮಾಡಿದ್ದು ಗಾಳಿಗಂಡಿಯಿಂದ. ತೇವ ತಗುಲಿದ ಮದ್ದು ಹೊತ್ತುವುದಿಲ್ಲ ಎಂದು ಬಲ್ಲವರು ಕಟ್ಟಿದ ಮನೆ ಅದು; ಗೋಡೆಯೊಳಗೆ ಬಳಸುದಾರಿಯ ಗಂಡಿ ಬಿಟ್ಟಿರುತ್ತಾರೆ. ಗಾಳಿ ಆಡುತ್ತದೆ, ಕಿಡಿ ನೇರ ಒಳಗೆ ಬರಲಾರದು. ಬಾವಲಿ ಬರುತ್ತವೆಂದು ಯಾರೋ ಇವನ್ನು ಇಟ್ಟಿಗೆಯಿಂದ ಮುಚ್ಚಿದ್ದರು. ಬಿಡಿಸಿ, ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿದೆವು.

ಆಮೇಲೆ ಸಿಮೆಂಟ್. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಬಳಿದರೆ ನೆಲದಿಂದ ಏರಿದ ತೇವ ಹೊರಬೀಳಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಕೆತ್ತಲು ಉಳಿ, ಸಣ್ಣ ಸುತ್ತಿಗೆ ಸಾಕು. ಯಂತ್ರ ಹಚ್ಚಿದರೆ ಇಟ್ಟಿಗೆಯ ಸುಟ್ಟ ಗಟ್ಟಿ ಮೈಯೇ ಕಿತ್ತುಬರುತ್ತದೆ, ಅದು ಹೋದ ಇಟ್ಟಿಗೆ ಮಳೆಗೆ ನಿಲ್ಲದು. ಕೆತ್ತಿದ ಮೇಲೆ ಗೋಡೆಯ ಇಂಚು ದಪ್ಪಕ್ಕೆ ಒಂದು ತಿಂಗಳ ಅಂದಾಜಿನಲ್ಲಿ ಒಣಗಲು ಬಿಡಿ. ಉದ್ಘಾಟನೆಯ ದಿನ ಗೊತ್ತುಮಾಡುವುದು ಇದಾದ ಮೇಲಿನ ಕೆಲಸ.

ಒಣಗುವಾಗ ಗೋಡೆಯ ಮೇಲೆ ಬಿಳಿ ಉಪ್ಪು ಅರಳುತ್ತದೆ. ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ (ಪೊಟ್ಯಾಸಿಯಂ ನೈಟ್ರೇಟ್). ದಶಕಗಟ್ಟಲೆ ಚೆಲ್ಲಿದ್ದು ನೆಲದಂಚಿನ ಇಟ್ಟಿಗೆಗೆ ಇಳಿದಿರುತ್ತದೆ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉದುರಿಸಿ, ಬಿದ್ದದ್ದನ್ನು ಕಟ್ಟಡದಿಂದಾಚೆ ಒಯ್ಯಬೇಕು. ಉಳಿದದ್ದಕ್ಕೆ ಕಾಗದದ ತಿರುಳನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿ 2 ಸೆಂ.ಮೀ. ದಪ್ಪ ಮೆತ್ತಿ, ಪೂರ್ತಿ ಒಣಗಿದ ಮೇಲೆ ಕಿತ್ತೆವು. ಕಿತ್ತ ತಿರುಳನ್ನು ಪ್ರತಿಸಲವೂ ಅಷ್ಟೇ ಅಳತೆಯ ನೀರಿನಲ್ಲಿ ನೆನೆಸಿ ವಿದ್ಯುದ್ವಾಹಕತೆ ನೋಡಿದರೆ ಎಷ್ಟು ಉಪ್ಪು ಬಂತೆಂದು ತಿಳಿಯುತ್ತದೆ. ಆ ಅಂಕಿ ಇಳಿಯುವುದು ನಿಲ್ಲುವವರೆಗೂ ಮೆತ್ತಿದೆವು.

ಗಿಲಾವಿಗೆ ಕನಿಷ್ಠ 3 ತಿಂಗಳು ನೀರಿನಡಿ ಮಾಗಿದ ಸುಣ್ಣ 1 ಪಾಲು, ಮರಳು 2, ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) 1. ಒಂದು ಪದರ 10 ಮಿ.ಮೀ. ಮೀರಬಾರದು, ಒದ್ದೆ ಗೋಣಿ ಕಟ್ಟಿ ವಾರಕಾಲ ಹಸಿಯಾಗಿಡಬೇಕು, ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಗಟ್ಟಿಯಾಗಲೆಂದು ಒಂದು ಕರಣೆ ಸಿಮೆಂಟ್ ಸೇರಿಸಲು ಬರುವ ಕೈಯನ್ನು ತಡೆಯಿರಿ. ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಸವೆಯುವುದಾದರೆ ಗಾರೆ ಸವೆಯಲಿ.

ಕಪಾಟಿಗೆ ಮರ ಬೇಡವೆಂದೇ ತೀರ್ಮಾನಿಸಿದೆವು. ಓಕ್, ಪ್ಲೈವುಡ್‌ನಂಥವು ಬಿಡುವ ಆಮ್ಲದ ಆವಿಗೆ ಸೀಸದ ಗುಂಡುಗಳು ಬಿಳಿ ಪುಡಿಯಾಗುತ್ತವೆ, ಆ ಪುಡಿ ವಿಷ. ಪೌಡರ್ ಕೋಟ್ ಮಾಡಿದ ಉಕ್ಕು, ಗಾಜು ಸಾಕು. ಸಮವಸ್ತ್ರ, ಬಾವುಟ, ನಕ್ಷೆಗಳಿಗೆ ಬೆಳಕು 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ದಾಟಬಾರದು. ಬಂದೂಕು ಕಷ್ಟದ ವಸ್ತು: ನಳಿಗೆಯ ಕಬ್ಬಿಣಕ್ಕೆ ಒಣ ಹವೆ ಬೇಕು, ಹಿಡಿಯ ಮರ ಅತಿಯಾಗಿ ಒಣಗಿದರೆ ಬಿರಿಯುತ್ತದೆ. ಶೇ. 45ರಿಂದ 50ರ ತೇವಾಂಶದಲ್ಲಿ ಎರಡೂ ಬಾಳುತ್ತವೆ. ನಳಿಗೆಗೆ ಮೈಕ್ರೋಕ್ರಿಸ್ಟಲೈನ್ ಮೇಣದ (ಪೆಟ್ರೋಲಿಯಂನಿಂದ ತೆಗೆದ ನಯವಾದ ಮೇಣ) ತೆಳು ಲೇಪ ಕೊಡಿ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪಿನಿಂದ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಮೂಡುತ್ತದೆ.

ಅಂಗಳದ ಫಿರಂಗಿಗಳನ್ನು ಶುಚಿ ಮಾಡುವ ಮುನ್ನ ಬಾಯಿಯಿಂದ ಮರದ ಕೋಲು ಇಳಿಸಿ ಆಳ ಅಳೆಯಿರಿ. ಹೊರಗಡೆ ಬತ್ತಿ ಹಚ್ಚುವ ತೂತಿನವರೆಗಿನ ಉದ್ದದೊಂದಿಗೆ ಅದನ್ನು ಹೋಲಿಸಿ. ಆಳ ಕಡಿಮೆ ಬಂದರೆ ಒಳಗೆ ಮದ್ದುಗುಂಡು ಉಳಿದಿರಬಹುದು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ 18ನೇ ಶತಮಾನದ ಫಿರಂಗಿಯೊಂದನ್ನು 2013ರಲ್ಲಿ ಶುಚಿ ಮಾಡುವಾಗ ಮದ್ದೂ ಗುಂಡೂ ಹಾಗೇ ಸಿಕ್ಕವು. ಅನುಮಾನ ಬಂದ ಫಿರಂಗಿಯ ಸುತ್ತ ಹಗ್ಗ ಕಟ್ಟಿ ಜನರನ್ನು ದೂರವಿಡಿ. ಬಾಂಬ್ ನಿಷ್ಕ್ರಿಯ ದಳದವರು ಬಂದು ನೋಡುವವರೆಗೆ ಉಜ್ಜುವುದು, ಕೊರೆಯುವುದು, ಕಾಯಿಸುವುದು ಯಾವುದೂ ಕೂಡದು.