ಸಾಗಣೆಗೆ ದುಡ್ಡು ಕೊಡದೆ ಕೆರೆಯ ಹೂಳು ತೆಗೆಸಿದ್ದು: ನನ್ನ ಅನುಭವ

ತುಮಕೂರಿನ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ನಾನು ಸಿಎಸ್‌ಆರ್ (ಕಂಪನಿಯ ಸಾಮಾಜಿಕ ಹೊಣೆಗಾರಿಕೆ) ಕೆಲಸ ನೋಡಿಕೊಳ್ಳುತ್ತೇನೆ. ಕೊರಟಗೆರೆ ತಾಲ್ಲೂಕಿನ ಕೆರೆಯೊಂದರ ಹೂಳನ್ನು, ಸಾಗಣೆಗೆ ಒಂದು ರೂಪಾಯಿಯನ್ನೂ ಕೊಡದೆ, ಹಿಟಾಚಿಯ ಗಂಟೆ ಬಾಡಿಗೆಯಷ್ಟನ್ನೇ ಭರಿಸಿ ತೆಗೆಸುತ್ತೇನೆಂದು ನಾನು ಹೇಳಿದಾಗ ನಮ್ಮ ಲೆಕ್ಕಪತ್ರ ವಿಭಾಗದವರಾಗಲಿ, ಬೇರೆ ಕಂಪನಿಗಳಲ್ಲಿ ಇದೇ ಕೆಲಸ ಮಾಡುವ ಗೆಳೆಯರಾಗಲಿ ನಂಬಲಿಲ್ಲ. ರೈತರು ಸ್ವಂತ ಖರ್ಚಿನಲ್ಲಿ ಕೆರೆಮಣ್ಣು ಹೊಡೆಯುವ ಕಾಲ ಮುಗಿಯಿತೆಂಬುದು ಅವರ ವಾದವಾಗಿತ್ತು. 2024ರ ಬೇಸಿಗೆಯಲ್ಲಿ ಆ ಕೆರೆಯಿಂದ ಸುಮಾರು 30,000 ಘನ ಮೀಟರ್ ಹೂಳು ಹೊಲಗಳಿಗೆ ಹೋಯಿತು. ಯಂತ್ರಗಳಿಗೆ ನಾವು ಕೊಟ್ಟದ್ದು 11-12 ಲಕ್ಷ ರೂಪಾಯಿ, ಅಂದರೆ ಘನ ಮೀಟರಿಗೆ 40 ರೂಪಾಯಿಯೊಳಗೆ.

ನಾನು ಈ ಜವಾಬ್ದಾರಿಗೆ ಬರುವ ಮೊದಲು ಇನ್ನೊಂದು ಕೆರೆಗೆ ಹೆಚ್ಚುಕಡಿಮೆ 20 ಲಕ್ಷ ಖರ್ಚಾಗಿತ್ತು. ಗುತ್ತಿಗೆದಾರರಿಗೆ ಸಾಗಣೆಯೂ ಸೇರಿ ಘನ ಮೀಟರಿಗೆ 130ರ ಆಸುಪಾಸಿನ ದರ ನಿಗದಿಯಾಗಿತ್ತು. ದೂರ ಸಾಗಿಸಿದಷ್ಟೂ ಅವರಿಗೆ ನಷ್ಟವಾದ್ದರಿಂದ ಮಣ್ಣು ಕೆರೆಯಂಗಳದ ಅಂಚಿನಲ್ಲಿಯೂ ರಾಜಕಾಲುವೆಯ ಬಾಯಲ್ಲಿಯೂ ಬಿತ್ತು, ಮೊದಲ ಮಳೆಗೇ ಅರ್ಧದಷ್ಟು ಒಳಗೆ ಮರಳಿತು. ಜೊತೆಗಿದ್ದ ಸ್ವಯಂಸೇವಾ ಸಂಸ್ಥೆಯ ಹೆಸರು ಫಲಕದಲ್ಲಿ ಮಾತ್ರ ಇತ್ತು, ಏಕೆಂದರೆ ಊರಿನಲ್ಲಿ ಓಡಾಡಬೇಕಾದ ಅವರ ಕಾರ್ಯಕರ್ತರ ಸಂಬಳವನ್ನೇ ಆಡಳಿತ ವೆಚ್ಚವೆಂದು ಕತ್ತರಿಸಲಾಗಿತ್ತು. ಸಿಎಸ್‌ಆರ್ ನಿಯಮದಲ್ಲಿರುವ ಶೇ. 5ರ ಮಿತಿ ಕಂಪನಿಯ ಸ್ವಂತ ಆಡಳಿತ ವೆಚ್ಚಕ್ಕೆ ಸಂಬಂಧಿಸಿದ್ದೇ ಹೊರತು ಸಂಸ್ಥೆಯ ಕ್ಷೇತ್ರ ಸಿಬ್ಬಂದಿಗಲ್ಲ ಎಂಬುದನ್ನು ಲೆಕ್ಕಪರಿಶೋಧಕರಿಗೆ ಒಪ್ಪಿಸಲು ನನಗೆ ತಿಂಗಳುಗಳೇ ಹಿಡಿದವು. ಈ ಬಾರಿ ಒಬ್ಬ ಕಾರ್ಯಕರ್ತರಿಗೆ ಎರಡು ವರ್ಷದ ಸಂಬಳವನ್ನು ಯೋಜನೆಯೊಳಗೇ ಇಟ್ಟೆವು. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ.

ಎರಡನೆಯ ತೊಡಕು ಮಾರ್ಚ್ 31. ಕೆರೆ ಒಣಗುವುದು ಜನವರಿಯ ನಂತರ, ಹೂಳೆತ್ತಲು ಸಿಗುವ ಅವಧಿ ಮೇ ತಿಂಗಳವರೆಗೆ, ಆರ್ಥಿಕ ವರ್ಷ ಮುಗಿಯುವುದು ಸರಿಯಾಗಿ ಅದರ ನಡುವೆ. ಹಣ ಮುಗಿಸುವ ಆತುರದಲ್ಲಿ ಫೆಬ್ರವರಿಯಲ್ಲಿ ಕಲ್ಲುಬೆಂಚು, ತಂತಿಬೇಲಿಗಳಿಗೆ ಸುರಿಯುವುದು ನಮ್ಮ ವಲಯದ ಹಳೆಯ ರೋಗ. ಆದ್ದರಿಂದ ನಿರ್ದೇಶಕ ಮಂಡಳಿಯಿಂದ ಇದನ್ನು ಬಹುವರ್ಷದ ಚಾಲ್ತಿ ಯೋಜನೆಯೆಂದು ಮೊದಲೇ ಘೋಷಿಸಿಕೊಂಡು, ಉಳಿದ ಮೊತ್ತವನ್ನು ಏಪ್ರಿಲ್ 30ರೊಳಗೆ ಖರ್ಚಾಗದ ಸಿಎಸ್‌ಆರ್ ಹಣದ ಪ್ರತ್ಯೇಕ ಖಾತೆಗೆ ವರ್ಗಾಯಿಸಿದೆವು. ಮೂರು ವರ್ಷದ ಅವಕಾಶ ಕಾನೂನಿನಲ್ಲಿಯೇ ಇದ್ದರೂ ಇದನ್ನು ಬಳಸುವವರು ಕಡಿಮೆ.

ಸರ್ಕಾರದಿಂದ ನಾವು ಹಣ ಕೇಳಲಿಲ್ಲ, ಅವರಿಂದ ಮಾತ್ರ ಆಗುವ ಕೆಲಸಗಳನ್ನು ಕೇಳಿದೆವು. ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆಯಿದ್ದುದರಿಂದ ಸಣ್ಣ ನೀರಾವರಿ ಇಲಾಖೆಗೆ ಅಲೆಯುವುದು ತಪ್ಪಿತು. ಪಂಚಾಯಿತಿಯಿಂದ ಠರಾವು, ತಾಲ್ಲೂಕು ಸರ್ವೆಯರಿಂದ ಗಡಿ ಗುರುತು, ಯಂತ್ರ ಬಳಸುವಂತಿಲ್ಲದ ನರೇಗಾದಲ್ಲಿ ರಾಜಕಾಲುವೆಯ ಕೈಕೆಲಸ, ಇವಿಷ್ಟೇ ತ್ರಿಪಕ್ಷೀಯ ಒಪ್ಪಂದದಲ್ಲಿ ಅವರ ಪಾಲು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಗಿದ್ದವು, ನಮ್ಮ ಕೆರೆಯೂ ಸಂಕ್ರಾಂತಿಯ ಹೊತ್ತಿಗೇ ಬಿರಿದಿತ್ತು. ಕಾರ್ಯಾದೇಶ ಜನವರಿಯಲ್ಲೇ ಕೈಗೆ ಬಂದು ಕೆಲಸ ಶುರುವಾಗಿದ್ದರಿಂದ ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾದಾಗ ನಮ್ಮ ಹಿಟಾಚಿಗಳು ನಿಲ್ಲಲಿಲ್ಲ. ಕಾಗದಪತ್ರವನ್ನು ಮಾರ್ಚ್‌ಗೆಂದು ಇಟ್ಟುಕೊಂಡಿದ್ದವರು ಜೂನ್‌ವರೆಗೆ ಕಾದರು, ಅಷ್ಟರಲ್ಲಿ ಮಳೆ ಬಂದಿತ್ತು.

ಹಣ ಸೋರುವುದು ಯಂತ್ರ ಸುಮ್ಮನೆ ನಿಂತಿರುವಾಗ. ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಮತ್ತು ಸಂಜೆ ನಿಲ್ಲಿಸಿದ ಮೇಲೆ ಗಂಟೆಯ ಮೀಟರಿನ ಫೋಟೊ ತೆಗೆಯುತ್ತಿದ್ದೆವು. ಪ್ರತಿ ಟ್ರ್ಯಾಕ್ಟರ್ ಲೋಡಿಗೂ ಒಂದು ಚೀಟಿ ಬರೆದು, ಅರ್ಧ ಹರಿದು ಚಾಲಕನಿಗೆ ಕೊಟ್ಟು, ಉಳಿದರ್ಧವನ್ನು ಏರಿಯ ಮೇಲೆ ಕೂರುತ್ತಿದ್ದ ಕೆರೆ ಸಮಿತಿಯವರು ದಾರಕ್ಕೆ ಪೋಣಿಸುತ್ತಿದ್ದರು. ರಾತ್ರಿ ಚೀಟಿಗಳ ಸಂಖ್ಯೆಯನ್ನು ಮೀಟರ್ ಗಂಟೆಗಳಿಂದ ಭಾಗಿಸಿದರೆ 20-22 ಬರಬೇಕು. 18ಕ್ಕಿಂತ ಕೆಳಗಿಳಿದರೆ ಟ್ರ್ಯಾಕ್ಟರ್ ಸಾಲದೆಂದು ಅರ್ಥ, ಮರುದಿನ ಒಂದು ಹಿಟಾಚಿಯನ್ನು ನಿಲ್ಲಿಸುತ್ತಿದ್ದೆವು. ಕಪ್ಪು ಗೋಡು (ಹೂಳುಮಣ್ಣು) ಮುಗಿದು ಕೆಂಪು ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಕಂಡ ಕೂಡಲೇ ತೋಡುವುದನ್ನು ಬಿಡಬೇಕು, ಏರಿಯ ಬುಡದಿಂದ ಸಾಕಷ್ಟು ದೂರವಿರಬೇಕು ಎಂಬುದು ಈ ಕೆಲಸದವರಿಗೆಲ್ಲ ತಿಳಿದಿದೆ. ಟ್ರ್ಯಾಕ್ಟರುಗಳ ಸಾಲು ಮೊದಲ ವಾರದಲ್ಲೇ ಕರಗದಂತೆ ಮಾಡಿದ ಉಪಾಯವೊಂದಿದೆ, ಅದನ್ನು ಮುಂದಿನ ಕೆರೆಗಳಿಗಾಗಿ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಡುವೆ ಒಂದೆರಡು ಪ್ರಯೋಗಗಳನ್ನೂ ಮಾಡಿದೆವು. ಕೆಂಪು ಮಣ್ಣಿನ ರಾಗಿ ಹೊಲವೊಂದರ ಅರ್ಧಕ್ಕೆ ಎಕರೆಗೆ 25 ಲೋಡಿನಂತೆ ಗೋಡು ಹೊಡೆಸಿ ಉಳಿದರ್ಧವನ್ನು ಹಾಗೆಯೇ ಬಿಟ್ಟೆವು. ಮಳೆಯ ನಡುವೆ ಬಿಡುವು ಬಂದಾಗ ಗೋಡು ಬಿದ್ದ ಕಡೆ ಪೈರು ವಾರದಷ್ಟು ತಡವಾಗಿ ಬಾಡಿತು. ಮೊದಲೇ ಜಿಗುಟಾಗಿದ್ದ ಅಡಿಕೆ ತೋಟವೊಂದರಲ್ಲಿ ಅದೇ ಗೋಡಿನಿಂದ ನೀರು ನಿಂತಿದ್ದರಿಂದ ಅಲ್ಲಿಗೆ ಸಾಗಿಸುವುದನ್ನು ನಿಲ್ಲಿಸಿದೆವು. ಏರಿಗೆ ನೆಟ್ಟ ಲಾವಂಚದಲ್ಲಿ ಅರ್ಧ ಉಳಿದಿರಬಹುದು.

2024ರ ಹಿಂಗಾರಿನಲ್ಲಿ ಕೆರೆ ಕೋಡಿ ಬಿತ್ತು. ಮೀನು ಹರಾಜಿನ ಹಣದಲ್ಲಿ ಒಂದು ಪಾಲು ಸಮಿತಿಯ ಖಾತೆಗೆ ಬರಬೇಕೆಂದು ಒಪ್ಪಂದದಲ್ಲಿಯೇ ಬರೆಸಿದ್ದರಿಂದ ತೂಬಿನ ದುರಸ್ತಿಗೆ ಯಾರೂ ನಮ್ಮ ಬಳಿ ಬರಲಿಲ್ಲ. ಈಗ ಪಕ್ಕದ ಪಂಚಾಯಿತಿ ತಾನಾಗಿಯೇ ಠರಾವು ಕಳುಹಿಸಿದೆ. ಸರ್ವೆ ಮುಗಿದು ಗಡಿಕಲ್ಲು ಬೀಳುವವರೆಗೆ ಯಂತ್ರಕ್ಕೆ ಮುಂಗಡ ಕೊಡುವುದಿಲ್ಲವೆಂದು ಅವರಿಗೆ ತಿಳಿಸಿದ್ದೇನೆ.